‘ಪ್ರಿಲ್’ ಪ್ರತ್ಯಯವಿಚಾರ

ಔಷಧಕ್ಕೆ ಹೆಸರುಗಳೆರಡು. ತಯಾರಕರು ವ್ಯಾಪಾರಕ್ಕಾಗಿ ಇಟ್ಟುದು ಒಂದು. ದ್ರವ್ಯವನ್ನು ಬೋಧಿಸುವ ಶಾಸ್ತ್ರೀಯನಾಮವು ಮತ್ತೊಂದು. ಮೊದಲನೆಯದು ಕೇವಲ ರೂಢಿ, ಎರಡನೆಯದರಲ್ಲಿ ಅವಯವಾರ್ಥವುಂಟು. ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ನಾಮಾವಳಿಯಲ್ಲಿ ಸಮಾನಗುಣದ ದ್ರವ್ಯಗಳಿಗೆ ಸಮಾನವಾದ ಅಂತ್ಯಾಕ್ಷರಗಳನ್ನಿಡುವುದು ಪದ್ಧತಿ. ಎನಲಾಪ್ರಿಲ್, ರಾಮಿಪ್ರಿಲ್, ಲಿಸಿನೋಪ್ರಿಲ್ ಎಂಬಲ್ಲಿಯ ‘ಪ್ರಿಲ್’ ಇಂತಹ ಪ್ರತ್ಯಯವು.

ಇದರ ಅರ್ಥವೇನೆಂದರೆ: ದೇಹದಲ್ಲಿ ಆಂಜಿಯೋಟೆನ್ಸಿನ್ ಎಂಬ ವಸ್ತುವು ಒಂದು ಕಿಣ್ವದಿಂದ ರೂಪಾಂತರ ಹೊಂದಿ ರಕ್ತನಾಳಗಳನ್ನು ಸಂಕೋಚಗೊಳಿಸುವುದು, ಉಪ್ಪುನೀರುಗಳನ್ನು ಶರೀರದಲ್ಲಿ ನಿಲ್ಲಿಸುವುದು. ‘ಪ್ರಿಲ್’ ಔಷಧಗಳು ಆ ಕಿಣ್ವವನ್ನು ತಡೆಯುವುವು. ನಾಳಗಳು ಸಡಿಲುವುದರಿಂದ ಒತ್ತಡವಿಳಿಯುವುದು. ದುರ್ಬಲಹೃದಯದ ಹೊರೆಯೂ ತಗ್ಗುವುದು. ರೋಗಗಳೆರಡಕ್ಕೆ ಔಷಧವೊಂದೇ ಆದುದು ಹೀಗೆ. ಬ್ರೆಜಿಲ್ ದೇಶದ ಒಂದು ಹಾವಿನ ವಿಷದ ಪರಿಶೋಧನೆಯಿಂದ ಈ ಮಾರ್ಗವು ತೆರೆಯಿತು. ಕ್ಯಾಪ್ಟೋಪ್ರಿಲ್ 1981ರಲ್ಲಿ ಬಳಕೆಗೆ ಬಂದಿತು. 1987ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ತೀವ್ರ ಹೃದಯವೈಫಲ್ಯದ 253 ಮಂದಿಯನ್ನು ಪರಿಶೀಲಿಸಲಾಯಿತು. ಆರು ತಿಂಗಳೊಳಗೆ ಮೃತರಾದವರು, ಎನಲಾಪ್ರಿಲ್ ಪಡೆದವರಲ್ಲಿ ನೂರಕ್ಕೆ 26, ಪಡೆಯದವರಲ್ಲಿ 44.

ಈ ನಾಮವಿಚಾರದಿಂದ ಪ್ರಯೋಜನವೇನೆಂಬ ಶಂಕೆಗೆ ಸಮಾಧಾನವಿದು. ರಾಜಾಜಿನಗರದ ಆಸ್ಪತ್ರೆಯಲ್ಲಿ ಒಂದು ಚೀಟಿ, ಕೆಂಗೇರಿಯ ವೈದ್ಯರಲ್ಲಿ ಇನ್ನೊಂದು ಚೀಟಿ ಪಡೆದ ರೋಗಿಯ ಕೈಯಲ್ಲಿ ವ್ಯಾಪಾರನಾಮಗಳು ಬೇರೆಬೇರೆಯಾದ ಎರಡು ಮಾತ್ರೆಪಟ್ಟಿಗಳಿರಬಹುದು. ಎರಡರ ಮೇಲೂ ಮುದ್ರಿತವಾದ ಶಾಸ್ತ್ರೀಯನಾಮವು ‘ಪ್ರಿಲ್’ ಅಂತ್ಯವಾದರೆ ವರ್ಗವೊಂದೇ ಎಂದು ತಿಳಿದು, ಎರಡನ್ನೂ ನುಂಗುವ ಮೊದಲು ವೈದ್ಯರನ್ನು ಕೇಳತಕ್ಕದ್ದು. ಒತ್ತಡವು ಅತಿಯಾಗಿ ಕುಸಿಯುವ, ರಕ್ತದಲ್ಲಿ ಪೊಟ್ಯಾಸಿಯಂ ಏರುವ ಭಯವುಂಟು.

ಇಲ್ಲಿ ವರ್ಣಸಾಮ್ಯದ ಭ್ರಾಂತಿಯೂ ಸಂಭವಿಸುವುದು. ಹೃದಯವೈಫಲ್ಯಕ್ಕೆ ವಾಲ್ಸಾರ್ಟಾನಿನೊಡನೆ ಕೊಡುವ ಸಕ್ಯೂಬಿಟ್ರಿಲ್ ಎಂಬುದರ ಅಂತ್ಯವು ‘ಟ್ರಿಲ್’, ‘ಪ್ರಿಲ್’ ಅಲ್ಲ. ಒಂದಕ್ಷರದ ಭೇದವು ಇಲ್ಲಿ ಪ್ರಾಣಭೇದವು. ಇವೆರಡೂ ಒಟ್ಟಿಗೆ ಸಲ್ಲವು. ಕೂಡಿದರೆ ಮುಖ, ನಾಲಿಗೆ, ಗಂಟಲುಗಳು ಊದಿ ಉಸಿರು ನಿಲ್ಲಬಹುದು. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುವಾಗ ನಡುವೆ 36 ಗಂಟೆಗಳ ಅಂತರವು ಅವಶ್ಯಕ.

ಗರ್ಭಿಣಿಯರಿಗೆ ‘ಪ್ರಿಲ್’ ವರ್ಗವು ವರ್ಜ್ಯ, ಶಿಶುವಿಗೆ ಹಾನಿಕರ. ಕೆಲವರಿಗೆ ಒಣಕೆಮ್ಮು ಬರುವುದು. ಆಗ ‘ಸಾರ್ಟಾನ್’ ಅಂತ್ಯದ ಅನ್ಯವರ್ಗಕ್ಕೆ ಬದಲಿಸುವುದುಂಟು. ಆ ನಿರ್ಣಯವು ವೈದ್ಯರದು. ಒತ್ತಡವಿಳಿದುದು ಔಷಧದ ಬಲದಿಂದಲೇ ಆದುದರಿಂದ, ಗುಣವಾಯಿತೆಂದು ತಾನಾಗಿ ನಿಲ್ಲಿಸುವುದು ಯುಕ್ತವಲ್ಲ. ಹೆಸರಿನ ಕೊನೆಯನ್ನು ಓದಬಲ್ಲವನು ವೈದ್ಯನಾಗನು. ವೈದ್ಯನನ್ನು ಕೇಳಬೇಕಾದುದೇನೆಂಬುದನ್ನು ಮಾತ್ರ ಬಲ್ಲವನಾಗುವನು.