ಆರು ತಿಂಗಳ ಮಗುವಿಗೆ ಏನು ತಿನ್ನಿಸಬೇಕು?

ಮಗುವಿಗೆ ಆರು ತಿಂಗಳು ತುಂಬುತ್ತಿದ್ದಂತೆ ಮನೆಯಲ್ಲಿ ಎರಡು ಪಕ್ಷಗಳಾಗುತ್ತವೆ. ‘ಇನ್ನೂ ಹಲ್ಲೇ ಬಂದಿಲ್ಲ, ಈಗಲೇ ಯಾಕೆ?’ ಎನ್ನುವುದು ಒಂದು ಪಕ್ಷ. ‘ಡಬ್ಬಿ ಆಹಾರ ತಂದುಬಿಡಿ, ಮಗು ದುಂಡಗಾಗುತ್ತದೆ’ ಎನ್ನುವುದು ಇನ್ನೊಂದು. ಎರಡೂ ಸರಿಯಲ್ಲ. ಮೆತ್ತಗಿನ ಆಹಾರವನ್ನು ಮಗು ವಸಡಿನಿಂದಲೇ ನುರಿದು ನುಂಗಬಲ್ಲದು, ಹಲ್ಲಿಗಾಗಿ ಕಾಯಬೇಕಿಲ್ಲ. ಡಬ್ಬಿಯೂ ಅನಿವಾರ್ಯವಲ್ಲ, ಬೇಕಾದುದೆಲ್ಲ ನಿಮ್ಮ ಅಡುಗೆಮನೆಯಲ್ಲೇ ಇದೆ.

ಆರು ತಿಂಗಳೇ ಏಕೆ?

ಅಲ್ಲಿಯವರೆಗೆ ತಾಯಿಯ ಹಾಲೊಂದೇ ಸಾಕು, ನೀರೂ ಬೇಡ. ಹಿಂದೆ ನಾಲ್ಕನೇ ತಿಂಗಳಿಂದಲೇ ಮೇಲಾಹಾರ ಕೊಡಬಹುದು ಎಂದು ವೈದ್ಯರು ಹೇಳುತ್ತಿದ್ದುದುಂಟು. 2001ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಆರು ತಿಂಗಳು ತುಂಬಲಿ ಎಂದೇ ಇದೆ. ಆ ಹೊತ್ತಿಗೆ ಮಗುವಿನ ಕತ್ತು ನಿಂತಿರುತ್ತದೆ, ಆಸರೆ ಕೊಟ್ಟರೆ ಕೂರುತ್ತದೆ. ಹುಟ್ಟುವಾಗ ತಾಯಿಯಿಂದ ಪಡೆದುಬಂದ ಕಬ್ಬಿಣಾಂಶದ ದಾಸ್ತಾನು ಬರಿದಾಗತೊಡಗುತ್ತದೆ. 6ರಿಂದ 8 ತಿಂಗಳ ಮಗುವಿಗೆ ಎದೆಹಾಲಿನ ಜೊತೆಗೆ ದಿನಕ್ಕೆ ಸುಮಾರು 200 ಕ್ಯಾಲೊರಿ ಊಟದಿಂದ ಸಿಗಬೇಕು. 9ರಿಂದ 11 ತಿಂಗಳಿಗೆ ಇದು 300, ವರ್ಷ ದಾಟಿದ ಮೇಲೆ 550.

ನೀರು ಗಂಜಿ ಸಾಲದು

ಹಾಲು ಕುಡಿದು ಚೆನ್ನಾಗಿದ್ದ ಎಷ್ಟೋ ಮಕ್ಕಳು ಆರು ತಿಂಗಳ ನಂತರ ಸೊರಗುವುದನ್ನು ನಾವು ವೈದ್ಯರು ನೋಡುತ್ತಲೇ ಇರುತ್ತೇವೆ. ‘ಏನು ಕೊಡುತ್ತೀರಮ್ಮ?’ ಎಂದರೆ ‘ಅನ್ನದ ಗಂಜಿ, ಬೇಳೆಕಟ್ಟು’ ಎಂಬ ಉತ್ತರ ಬರುತ್ತದೆ. ಜೀರ್ಣವಾಗಲಿ ಎಂಬ ಒಳ್ಳೆಯ ಉದ್ದೇಶದಿಂದಲೇ ಕೊಟ್ಟಿರುತ್ತಾರೆ. ಆದರೆ ಬೇಳೆಕಟ್ಟಿನಲ್ಲಿ ನೀರೇ ಹೆಚ್ಚು. ಸತ್ವ ತಳದ ಬೇಳೆಯಲ್ಲಿರುತ್ತದೆ. ಮಗುವಿನ ಹೊಟ್ಟೆ ಚಿಕ್ಕದು. ನೀರಿನಿಂದ ಅದು ತುಂಬಿಹೋದರೆ ಅನ್ನಕ್ಕೂ ಜಾಗವಿಲ್ಲ, ಎದೆಹಾಲಿಗೂ ಜಾಗವಿಲ್ಲ. ಚಮಚ ಓರೆ ಮಾಡಿದರೆ ಹರಿದು ಬೀಳದಷ್ಟು ಗಟ್ಟಿಯಾಗಿರಬೇಕು, ಇದೇ ಅಳತೆ.

ರಾಗಿ ಸರಿಯ ಗುಟ್ಟು

ಹಳೇ ಮೈಸೂರಿನ ಕಡೆಯ ಅಜ್ಜಿಯರು ಮೊಳಕೆ ಕಟ್ಟಿದ ರಾಗಿಯಿಂದಲೇ ಸರಿ ಹಿಟ್ಟು ಮಾಡುತ್ತಿದ್ದುದಕ್ಕೆ ಕಾರಣವಿದೆ. ಮೊಳಕೆಯೊಡೆದಾಗ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯುತ್ತದೆ. ಹಾಗಾಗಿ ಹೆಚ್ಚು ಹಿಟ್ಟು ಹಾಕಿದರೂ ಸರಿ ಅಂಟಂಟಾಗದೆ, ಮಗು ನುಂಗುವ ಹದದಲ್ಲಿರುತ್ತದೆ. ಮೈಸೂರಿನ ಸಿ.ಎಫ್.ಟಿ.ಆರ್.ಐ. ಸಂಸ್ಥೆಯ ವಿಜ್ಞಾನಿಗಳೂ ಮೊಳಕೆ ರಾಗಿ ಮತ್ತು ಹೆಸರುಕಾಳಿನ ಶಿಶು ಆಹಾರದ ಮೇಲೆ ಕೆಲಸ ಮಾಡಿದ್ದಾರೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಅಕ್ಕಿ, ಗೋಧಿ ಇದರ ಹತ್ತಿರಕ್ಕೂ ಬಾರವು.

ರಾಗಿಯನ್ನು ತೊಳೆದು ರಾತ್ರಿ ನೆನೆಹಾಕಿ. ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಒಂದೆರಡು ದಿನದಲ್ಲಿ ಮೊಳಕೆ ಬಂದ ಮೇಲೆ ನೆರಳಲ್ಲಿ ಒಣಗಿಸಿ, ಮೊಳಕೆ ಉಜ್ಜಿ ತೆಗೆದು, ಬಾಣಲೆಯಲ್ಲಿ ಹದವಾಗಿ ಬೆಚ್ಚಗೆ ಮಾಡಿ. ಕೆಂಪಗೆ ಹುರಿದರೆ ಆ ಕಿಣ್ವ ಸತ್ತುಹೋಗುತ್ತದೆ. ಮೂರು ಪಾಲು ರಾಗಿಗೆ ಒಂದು ಪಾಲು ಹುರಿದ ಹೆಸರುಬೇಳೆ ಸೇರಿಸಿ ಪುಡಿ ಮಾಡಿಸಿ. ಧಾನ್ಯದಲ್ಲಿ ಕಡಿಮೆಯಿರುವ ಲೈಸಿನ್ ಎಂಬ ಅಂಶವನ್ನು ಬೇಳೆ ತುಂಬಿಕೊಡುತ್ತದೆ. ಪುಡಿಯನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಚೆನ್ನಾಗಿ ಬೇಯಿಸಿ. 20 ಗ್ರಾಂ ಹಿಟ್ಟಿನಿಂದ ಸುಮಾರು 65 ಕ್ಯಾಲೊರಿ ಸಿಕ್ಕರೆ, ಒಂದು ಟೀ ಚಮಚ ತುಪ್ಪದಿಂದಲೇ ಇನ್ನೂ 45 ಸಿಗುತ್ತದೆ.

ಮುಂದೆ ಏನು?

ಮೊದಲ ದಿನ ಎರಡು ಮೂರು ಚಮಚ ಸಾಕು. ಹೊಸ ಪದಾರ್ಥವನ್ನು ಒಂದೊಂದಾಗಿ, ಮೂರು ನಾಲ್ಕು ದಿನ ಬಿಟ್ಟು ಸೇರಿಸಿ. ಬೇಳೆ ಅನ್ನ ಕಿವುಚಿದ್ದು, ಬೇಯಿಸಿದ ಕ್ಯಾರೆಟ್, ಸೊಪ್ಪು, ಬಾಳೆಹಣ್ಣು ಎಲ್ಲ ಆಗಬಹುದು. ಬಾಳೆಹಣ್ಣಿನಿಂದ ಶೀತವಾಗುವುದಿಲ್ಲ. ತಿನ್ನುವ ಮನೆಯವರು ಚೆನ್ನಾಗಿ ಬೇಯಿಸಿದ ಮೊಟ್ಟೆ, ಮುಳ್ಳು ತೆಗೆದ ಮೀನನ್ನೂ ಕೊಡಬಹುದು. ರಾಗಿ, ಬೇಳೆಗಳ ಕಬ್ಬಿಣಾಂಶ ಮೈಗೆ ಹತ್ತಲು ಊಟಕ್ಕೆ ನಾಲ್ಕು ಹನಿ ನಿಂಬೆರಸ ನೆರವಾಗುತ್ತದೆ. ಆರೋಗ್ಯ ಕೇಂದ್ರದಲ್ಲಿ ಕೊಡುವ ಕಬ್ಬಿಣಾಂಶದ ಸಿರಪ್ಪನ್ನೂ ಅವರು ಹೇಳಿದಂತೆ ಹಾಕಿ. ಮೊದಮೊದಲು ದಿನಕ್ಕೆ ಎರಡು ಮೂರು ಸಲ, ಒಂಬತ್ತು ತಿಂಗಳ ನಂತರ ಮೂರು ನಾಲ್ಕು ಸಲ ಊಟ ಬೇಕು. ಎದೆಹಾಲು ಎರಡು ವರ್ಷದವರೆಗೂ ನಡೆಯಲಿ.

ಇವು ಬೇಡ

ವರ್ಷ ತುಂಬುವವರೆಗೆ ಜೇನುತುಪ್ಪ ನೆಕ್ಕಿಸಲೇ ಕೂಡದು. ಅದರಲ್ಲಿರಬಹುದಾದ ಬಾಟುಲಿಸಂ ರೋಗಾಣುವಿನಿಂದ ಮಗುವಿನ ಸ್ನಾಯುಗಳೇ ಸೋತುಹೋಗಬಹುದು. ಉಪ್ಪು, ಸಕ್ಕರೆ, ಬೆಲ್ಲದ ಅಗತ್ಯವಿಲ್ಲ. ಕಾಫಿ, ಟೀ, ಬಿಸ್ಕತ್ತು ಬೇಡ. ಇಡೀ ಕಡಲೆಬೀಜ, ದ್ರಾಕ್ಷಿ ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ಸೀಸೆಯ ಬದಲು ಬಟ್ಟಲು, ಚಮಚ ಬಳಸಿ. ಕೈ ಸೋಪಿನಿಂದ ತೊಳೆದಿರಲಿ.

ಮಗು ಮುಖ ತಿರುಗಿಸಿದರೆ ಬಾಯಿಗೆ ತುರುಕಬೇಡಿ. ಮರುದಿನ ಮತ್ತೆ ಕೊಟ್ಟು ನೋಡಿ. ಹೊಸ ರುಚಿ ಒಗ್ಗಲು ಹತ್ತು ಸಲವೂ ಬೇಕಾಗಬಹುದು. ಭೇದಿ, ಜ್ವರ ಬಂದಾಗ ಊಟ ನಿಲ್ಲಿಸಬೇಡಿ. ಸ್ವಲ್ಪ ಸ್ವಲ್ಪವಾಗಿ ಹೆಚ್ಚು ಸಲ ಕೊಡಿ. ತಿಂಗಳಿಗೊಮ್ಮೆ ಅಂಗನವಾಡಿಯಲ್ಲೋ ಆಸ್ಪತ್ರೆಯಲ್ಲೋ ತೂಕ ಮಾಡಿಸಿ ಬರೆಸಿಡಿ. ಎರಡು ತಿಂಗಳು ತೂಕ ಏರದಿದ್ದರೆ ಟಾನಿಕ್ ಹುಡುಕಬೇಡಿ. ಮಗು ದಿನಕ್ಕೆ ಏನೇನು, ಎಷ್ಟೆಷ್ಟು ತಿನ್ನುತ್ತದೆ ಎಂದು ಒಂದು ಚೀಟಿಯಲ್ಲಿ ಬರೆದುಕೊಂಡು ವೈದ್ಯರ ಬಳಿ ಹೋಗಿ.