ಎಂಬತ್ತೇಳನೇ ನಂಬರಿನ ಹಾಲು

ಬೆಳಗಿನ ಐದೂ ಮುಕ್ಕಾಲು. ಮದ್ದೂರು ಕಡೆಯ ಈ ಹಳ್ಳಿಯಲ್ಲಿ ಕಬ್ಬಿನ ಗದ್ದೆಗಳ ಮೇಲೆ ಕವಿದ ಮಂಜು ಇನ್ನೂ ಕರಗಿಲ್ಲ. ಊರ ನಡುವಿನ ಹಾಲು ಉತ್ಪಾದಕರ ಸಹಕಾರ ಸಂಘದ ಮುಂದೆ ಮಾತ್ರ ದೀಪ, ಮಾತು, ಕ್ಯಾನುಗಳ ಸದ್ದು. ಬೋರ್ಡಿನ ಮೇಲೆ ಅಷ್ಟುದ್ದ ಹೆಸರಿದ್ದರೂ ಊರವರ ಬಾಯಲ್ಲಿ ಇದು ‘ಡೈರಿ’. ಮೆಟ್ಟಿಲಿನಿಂದ ರಸ್ತೆಬದಿಯ ಅರಳಿಕಟ್ಟೆಯವರೆಗೆ ಸಾಲು ಬೆಳೆದಿದೆ. ತಲೆಗೆ ಸೆರಗು ಸುತ್ತಿಕೊಂಡ ಹೆಂಗಸರು, ಮಫ್ಲರ್ ಕಟ್ಟಿದ ಮುದುಕರು, ಸೈಕಲ್ಲಿನ ಹ್ಯಾಂಡಲ್ಲಿಗೆ ಕ್ಯಾನು ತೂಗುಹಾಕಿಕೊಂಡು ಬಂದ ಹೈಸ್ಕೂಲಿನ ಹುಡುಗ. ಒಳಗಿನಿಂದ ಒಂದೇ ರಾಗದಲ್ಲಿ ನಂಬರು ಕೇಳಿಬರುತ್ತಿದೆ: ಹನ್ನೆರಡು, ನಲವತ್ತು, ನೂರ ಮೂರು.

ಬಿ.ಕಾಂ., ಬಿಬಿಎ ಓದುವ ಮಕ್ಕಳಿಗೆ ವ್ಯವಹಾರದ ಮಾಹಿತಿ ವ್ಯವಸ್ಥೆ ಅಂತ ಒಂದು ವಿಷಯ ಇರುತ್ತದೆ. ದತ್ತಾಂಶ ಎಂದರೇನು, ಮಾಹಿತಿ ಎಂದರೇನು, ಡೇಟಾಬೇಸ್, ಸರ್ವರ್, ನೆಟ್‌ವರ್ಕ್ ಎಂದು ವ್ಯಾಖ್ಯಾನಗಳನ್ನು ಉರುಹೊಡೆದು ಪರೀಕ್ಷೆ ಬರೆಯುತ್ತಾರೆ. ಉದಾಹರಣೆಗೆ ಬ್ಯಾಂಕು, ಇಲ್ಲವೇ ವಿಮಾನದ ಟಿಕೆಟ್ಟು. ಆ ಪಾಠವನ್ನೆಲ್ಲ ಒಂದೇ ಕೋಣೆಯಲ್ಲಿ, ಎರಡು ಗಂಟೆಯೊಳಗೆ ಕಣ್ಣಾರೆ ನೋಡಬಹುದಾದ ಜಾಗ ಹಳ್ಳಿಯ ಡೈರಿ ಎಂದು ನನಗೆ ಬಹಳ ದಿನದಿಂದ ಅನಿಸಿತ್ತು. ಅದಕ್ಕೇ ಇಲ್ಲಿಗೆ ಬಂದೆ.

ಒಳಗೆ ಸಿಮೆಂಟಿನ ಕಟ್ಟೆ, ಅದರ ಮೇಲೆ ಎಲೆಕ್ಟ್ರಾನಿಕ್ ತಕ್ಕಡಿ, ತಕ್ಕಡಿಯ ಮೇಲೆ ಸ್ಟೀಲ್ ಬಕೆಟ್ಟು. ಪಕ್ಕದಲ್ಲಿ ಹಾಲು ಪರೀಕ್ಷಿಸುವ ಯಂತ್ರ, ಅದರಾಚೆ ಕೀಲಿಮಣೆ, ಪುಟ್ಟ ಪರದೆ, ಬಸ್ಸಿನ ಕಂಡಕ್ಟರ್ ಕೈಯಲ್ಲಿರುವಂಥ ಚೀಟಿ ಮುದ್ರಕ. ಹೊರಗೊಂದು ಡಿಸ್‌ಪ್ಲೇ ಇದೆ. ಹಾಲು ಹಾಕುವವರ ಕಣ್ಣು ಬಕೆಟ್ಟಿನ ಮೇಲಿರುವುದಿಲ್ಲ, ಆ ಕೆಂಪು ಅಂಕಿಗಳ ಮೇಲಿರುತ್ತದೆ.

ತಕ್ಕಡಿ ತೂಗುವುದು ಕೆಜಿಯಲ್ಲಿ, ದುಡ್ಡು ಸಿಗುವುದು ಲೀಟರಿಗೆ. ಹಾಲು ನೀರಿಗಿಂತ ಚೂರು ಭಾರ, ಲೀಟರಿಗೆ ಸುಮಾರು 1.03 ಕೆಜಿ. ಆ ಭಾಗಾಕಾರವನ್ನು ಯಂತ್ರವೇ ಮಾಡುತ್ತದೆ. ಪರೀಕ್ಷೆಯ ಹುಡುಗ ಬೆರಳುದ್ದದ ಬಟ್ಟಲಿಗೆ ಹಾಲು ಹಿಡಿದು ಯಂತ್ರದ ನಳಿಕೆಗೆ ಒಡ್ಡುತ್ತಾನೆ. ಯಂತ್ರ ಒಂದು ಗುಟುಕು ಎಳೆದುಕೊಂಡು ಅದರೊಳಗೆ ನಮ್ಮ ಕಿವಿಗೆ ಕೇಳಿಸದ ಶಬ್ದವನ್ನು ಹಾಯಿಸುತ್ತದೆ. ಹಾಲಿನಲ್ಲಿ ಕೊಬ್ಬು ಎಷ್ಟು, ಕೊಬ್ಬಿಲ್ಲದ ಘನಾಂಶ ಎಷ್ಟು ಎನ್ನುವುದರ ಮೇಲೆ ಶಬ್ದದ ವೇಗ ಬದಲಾಗುತ್ತದೆ. ಉಷ್ಣತೆ ಬದಲಾದರೆ ಆ ವ್ಯತ್ಯಾಸವೂ ಬೇರೆಯಾಗುತ್ತದೆ. ಎರಡು ಉಷ್ಣತೆಯಲ್ಲಿ ಅಳೆದು, ಹೋಲಿಸಿ, ಒಂದು ನಿಮಿಷದ ಒಳಗೆ ಫ್ಯಾಟು ಇಷ್ಟು, ಎಸ್‌ಎನ್‌ಎಫ್ ಇಷ್ಟು ಎಂದು ತೋರಿಸುತ್ತದೆ.

ಮೂಲೆಯ ಕಪಾಟಿನಲ್ಲಿ ಹಳೆಯ ಗಾಜಿನ ಕೊಳವೆಗಳು ಧೂಳು ಹಿಡಿದು ಕೂತಿವೆ. ಸಂಘದ ಕಾರ್ಯದರ್ಶಿ ಒಂದನ್ನು ಒರೆಸಿ ನನ್ನ ಕೈಗಿತ್ತರು. ಗರ್ಬರ್ ಪರೀಕ್ಷೆಯ ಬ್ಯುಟಿರೋಮೀಟರ್. 10 ಮಿಲಿ ಗಂಧಕಾಮ್ಲ, ಅದರ ಮೇಲೆ 10.75 ಮಿಲಿ ಹಾಲು, 1 ಮಿಲಿ ಅಮೈಲ್ ಆಲ್ಕೋಹಾಲ್. ಬಿರಡೆ ಹಾಕಿ, ಕುಲುಕಿ, ತಿರುಗಣಿಯಲ್ಲಿಟ್ಟು ಜೋರಾಗಿ ತಿರುಗಿಸಿದರೆ ಕೊಬ್ಬು ಕರಗಿ ಮೇಲಿನ ಸಣ್ಣ ಕುತ್ತಿಗೆಯಲ್ಲಿ ನಿಲ್ಲುತ್ತಿತ್ತು. ಅದರ ಗೆರೆ ಎಣಿಸಿ ದಪ್ಪ ಖಾತೆ ಪುಸ್ತಕದಲ್ಲಿ ಬರೆಯಬೇಕು. ‘ಬೆರಳೆಲ್ಲ ಸುಟ್ಕಂಡಿದ್ದೀವಿ ಸಾರ್. ಹಾಲು ಇವತ್ತು ಹಾಕುದ್ರೆ ಫ್ಯಾಟ್ ಎಷ್ಟು ಅಂತ ಅವರಿಗೆ ಗೊತ್ತಾಗ್ತಿದ್ದುದು ಬಟವಾಡೆ ದಿನ’ ಎಂದರು. ನಾನು ಹುಡುಗನಾಗಿದ್ದಾಗ ಹಾಲಿನ ಬಿಲ್ಲು ಹಿಡಿದು ಅವ್ವ ಸುಮ್ಮನೆ ಕೂರುತ್ತಿದ್ದುದು ನೆನಪಾಯಿತು. ಹದಿನೈದು ದಿನದ ಹಿಂದಿನ ಹಾಲಿನ ಬಗ್ಗೆ ಯಾರನ್ನು ಕೇಳುವುದು? ಆ ಹಾಲು ಅಷ್ಟು ಹೊತ್ತಿಗೆ ಯಾರದೋ ಮನೆಯ ಕಾಫಿಯಾಗಿ ಹೋಗಿರುತ್ತಿತ್ತು.

ಈಗ ಒಬ್ಬರು ಹಾಲು ಹಾಕಿದರೆ ಒಂದು ಸಾಲು ಹುಟ್ಟುತ್ತದೆ. ತಾರೀಕು, ಬೆಳಗ್ಗೆಯೋ ಸಂಜೆಯೋ, ಸದಸ್ಯರ ನಂಬರು, ಲೀಟರು, ಫ್ಯಾಟು, ಎಸ್‌ಎನ್‌ಎಫ್, ದರ, ಮೊತ್ತ. ಡೇಟಾಬೇಸ್ ಎಂದರೆ ಹೀಗೆ ಜೋಡಿಸಿಟ್ಟ ಸಾಲುಗಳ ರಾಶಿ. ಇದರಲ್ಲಿ ಬೆನ್ನೆಲುಬು ಸದಸ್ಯರ ನಂಬರು. ಊರಲ್ಲಿ ಒಂದೇ ಹೆಸರಿನ ನಾಲ್ಕು ಜಯಮ್ಮಂದಿರಿದ್ದರೂ ನಂಬರು ಒಬ್ಬರಿಗೆ ಒಂದೇ. ದರ ಯಾರ ಬಾಯಿಂದಲೂ ಬರುವುದಿಲ್ಲ. ಜಿಲ್ಲೆಯ ಹಾಲು ಒಕ್ಕೂಟ ಕಳಿಸಿದ ದರಪಟ್ಟಿ ಪರದೆಯ ಪೆಟ್ಟಿಗೆಯೊಳಗೇ ಇದೆ. ಅಡ್ಡಕ್ಕೆ ಎಸ್‌ಎನ್‌ಎಫ್, ಉದ್ದಕ್ಕೆ ಫ್ಯಾಟು, ಎರಡೂ ಕೂಡುವ ಮನೆಯಲ್ಲಿ ಲೀಟರಿನ ಬೆಲೆ. ಹಸುವಿನ ಹಾಲಿಗೆ 3.5 ಫ್ಯಾಟು, 8.5 ಎಸ್‌ಎನ್‌ಎಫ್ ಎನ್ನುವುದು ಇಲ್ಲಿನ ಗೆರೆ. ಈ ಎರಡು ಅಂಕಿ ಊರಿನ ಚಿಕ್ಕ ಮಕ್ಕಳಿಗೂ ಗೊತ್ತು.

ಆರೂ ಕಾಲಿಗೆ ಕರೆಂಟು ಹೋಯಿತು. ಯುಪಿಎಸ್ ಕೂಗಿಕೊಂಡು ಪರದೆ ಉಳಿಸಿಕೊಂಡಿತು, ಪರೀಕ್ಷೆಯ ಯಂತ್ರ ಮಾತ್ರ ಆರಿತು. ಜನರೇಟರ್ ಶುರುವಾಗಿ, ಯಂತ್ರ ಮತ್ತೆ ಬೆಚ್ಚಗಾಗುವ ಹೊತ್ತಿಗೆ ಹತ್ತು ಹನ್ನೆರಡು ನಿಮಿಷ ಹಿಡಿಯಿತು. ಅಷ್ಟೂ ಹೊತ್ತು ಎಂಬತ್ತೇಳನೇ ನಂಬರಿನ ಹಾಲು ಬಟ್ಟಲಲ್ಲೇ ಕೂತಿತ್ತು. ಯಂತ್ರ ತಯಾರಾದ ಕೂಡಲೇ ಹುಡುಗ ಅದನ್ನೇ ನಳಿಕೆಗೆ ಒಡ್ಡಿದ. 3.6 ಎಂದು ಕೆಂಪು ಅಂಕಿ ಬೆಳಗಿತು, ಚೀಟಿಯೂ ಬಂತು.

ಆ ಹಾಲು ತಂದಿದ್ದ ಅರವತ್ತರ ಆಸುಪಾಸಿನ ತಾಯಿ ಚೀಟಿಯನ್ನು ದೀಪದ ಕೆಳಗೆ ಹಿಡಿದು ನೋಡಿ, ಸೆರಗಿನ ಗಂಟಿನಿಂದ ನಿನ್ನೆಯ ಚೀಟಿ ಬಿಚ್ಚಿ ಪಕ್ಕಕ್ಕಿಟ್ಟರು.

‘ಏನ್ ಮಗ, ನೆನ್ನೆ ನಾಕೂ ಒಂದು, ಇವತ್ತು ಮೂರೂ ಆರು? ಅದೇ ಹಸ, ಅದೇ ಹುಲ್ಲು, ಅದೇ ಬೂಸ.’

‘ಮಿಶನ್ ತೋರ್ಸಿದ್ದು ಕಣವ್ವ. ನಾನೇನ್ ಬರ್ದಿದ್ದಲ್ಲ.’

‘ಮಿಶನ್‌ಗೆ ಏನ್ ಕುಡ್ಸುದ್ಯೋ ಅದ್ನೇ ಹೇಳ್ತದೆ. ಇನ್ನೊಂದ್ ಸಲ ಹಾಕ್ ನೋಡು.’

ಸಾಲಿನಲ್ಲಿದ್ದವರು ಗೊಣಗಲಿಲ್ಲ. ನಾಳೆ ಇದು ತಮಗೂ ಆಗಬಹುದು ಎಂದು ಅವರಿಗೆ ಗೊತ್ತು. ಕಾರ್ಯದರ್ಶಿ ಎದ್ದು ಬಂದು ಬಟ್ಟಲನ್ನು ಬೆಳಕಿಗೆ ಹಿಡಿದರು. ಮೇಲೆ ಕೆನೆಯ ತೆಳು ಪದರ, ನಳಿಕೆಯ ಬಾಯಿ ತಳದಲ್ಲಿ. ಹಾಲನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ನೊರೆ ಬರದಂತೆ ಎರಡು ಮೂರು ಸಲ ಮೆಲ್ಲಗೆ ಮಗುಚಿ, ಮತ್ತೆ ಒಡ್ಡಿದರು. ಎಲ್ಲರೂ ಡಿಸ್‌ಪ್ಲೇ ಕಡೆಗೆ ಕತ್ತು ತಿರುಗಿಸಿದರು. 4.0.

ಮಾಹಿತಿ ವ್ಯವಸ್ಥೆಯ ಬಗ್ಗೆ ನಾನು ಓದಿದ ಎಷ್ಟೋ ಪುಟಗಳಿಗಿಂತ ಆ ಒಂದು ಗಳಿಗೆ ದೊಡ್ಡದು. ಯಂತ್ರ ಎರಡು ಸಲವೂ ಸುಳ್ಳು ಹೇಳಲಿಲ್ಲ. ಮೊದಲ ಸಲ ಬಟ್ಟಲ ತಳದ ಹಾಲನ್ನು ಅಳೆಯಿತು, ಎರಡನೇ ಸಲ ಆಕೆಯ ಹಸುವಿನ ಹಾಲನ್ನು. ಇಲ್ಲಿಂದ ಮುಂದೆ ಈ ಅಂಕಿ ತಂತಿ, ಟವರು, ಸರ್ವರು, ಬ್ಯಾಂಕು ದಾಟಿ ಎಷ್ಟು ದೂರ ಹೋದರೂ, ಇದು ಯಾವ ಹಾಲಿನ ಅಂಕಿ ಎಂದು ಕೇಳುವವರು ದಾರಿಯಲ್ಲಿ ಯಾರೂ ಸಿಗುವುದಿಲ್ಲ. ಕೇಳಬೇಕಾದ್ದು ಇಲ್ಲೇ, ಈ ಕಟ್ಟೆಯ ಮುಂದೆ. ಕೇಳುವುದಕ್ಕೆ ಆಕೆಯ ಕೈಯಲ್ಲಿ ನಿನ್ನೆಯ ಚೀಟಿ ಇತ್ತು.

ಇನ್ನು ತಿದ್ದುವ ಕೆಲಸ. ಹುಡುಗನಿಂದ ಅದು ಆಗುವುದಿಲ್ಲ. ಹಾಲು ಹಿಡಿಯುವುದು, ನಂಬರು ಒತ್ತುವುದು ಅವನ ಪಾಲು; ಆಗಿಹೋದ ಸಾಲನ್ನು ತೆರೆಯುವ ಪಾಸ್‌ವರ್ಡ್ ಕಾರ್ಯದರ್ಶಿಯದು; ದರಪಟ್ಟಿಯನ್ನು ಮುಟ್ಟುವ ಅಧಿಕಾರ ಕಾರ್ಯದರ್ಶಿಗೂ ಇಲ್ಲ, ಅದು ಒಕ್ಕೂಟದ್ದು. ಅವರು ಪಾಸ್‌ವರ್ಡ್ ಒತ್ತಿ 3.6 ತೆಗೆದು 4.0 ಹಾಕಿದರು. ಪರದೆಯ ಮೇಲೆ ಆ ಸಾಲಿನ ಪಕ್ಕ ಒಂದು ನಕ್ಷತ್ರದ ಗುರುತು ಬಂದು ಕೂತಿತು. ಯಂತ್ರದಿಂದ ತಾನಾಗಿ ಬಂದದ್ದಲ್ಲ, ಕೈಯಿಂದ ತಿದ್ದಿದ್ದು ಎಂಬುದರ ಗುರುತು. ಅದನ್ನು ಅಳಿಸಲು ಇಲ್ಲಿ ಯಾರಿಗೂ ಆಗದು.

ಆಕೆಗೆ ಹೊಸ ಚೀಟಿ ಸಿಕ್ಕಿತು. ನಾನೂ ಕೇಳಿ ನೋಡಿದೆ. ಅಂಕಿಗಳ ಪಕ್ಕದ ಅಕ್ಷರಗಳೆಲ್ಲ ಇಂಗ್ಲಿಷು. ‘ಎರಡ್ನೇ ಗೆರೆ ಲೀಟ್ರು, ಮೂರ್ನೇ ಗೆರೆ ಫ್ಯಾಟು’ ಎಂದು ಆಕೆ ಜಾಗ ನೋಡಿಯೇ ಓದುತ್ತಾರೆ. ಗೆರೆಗಳ ಕ್ರಮ ಬದಲಾದರೆ ಈ ಓದು ನಿಂತುಹೋಗುತ್ತದೆ. ಹಾಲು ಕರೆದವರಿಗೆ ಕೊಡುವ ಚೀಟಿ ಅವರ ಭಾಷೆಯಲ್ಲಿ ಇರಲೇಬೇಕು. ಕನ್ನಡದಲ್ಲಿ ಮುದ್ರಿಸುವುದು ಇವತ್ತು ದೊಡ್ಡ ಕಷ್ಟವಲ್ಲ, ಕೇಳಿ ಮಾಡಿಸಿಕೊಳ್ಳಬೇಕಷ್ಟೆ.

ಕಟ್ಟೆಯ ಕೆಳಗೆ ಬಗ್ಗಿದರೆ ಎರಡು ಕಪ್ಪು ತಂತಿಗಳು ಕಾಣುತ್ತವೆ. ಒಂದು ತಕ್ಕಡಿಯಿಂದ, ಇನ್ನೊಂದು ಪರೀಕ್ಷೆಯ ಯಂತ್ರದಿಂದ ಹೊರಟು ಪರದೆಯ ಪೆಟ್ಟಿಗೆಗೆ ಸೇರುತ್ತವೆ. ನೆಟ್‌ವರ್ಕ್ ಎಂದ ಕೂಡಲೇ ನಮಗೆ ಟವರು, ಉಪಗ್ರಹ ನೆನಪಾಗುತ್ತವೆ. ಆದರೆ ಎರಡು ಯಂತ್ರಗಳು ಒಪ್ಪಿಕೊಂಡ ಭಾಷೆಯಲ್ಲಿ ಒಂದಕ್ಕೊಂದು ಸುದ್ದಿ ಮುಟ್ಟಿಸಿದರೆ ಅಲ್ಲಿಗೆ ನೆಟ್‌ವರ್ಕಿನ ಕೆಲಸ ಶುರುವಾಯಿತು. ಈ ಮೊಳದುದ್ದದ ತಂತಿಯಿಂದ ಆದ ಉಪಕಾರ ದೊಡ್ಡದು. ತಕ್ಕಡಿಯ ಅಂಕಿ ನೋಡಿ, ಮನಸ್ಸಿನಲ್ಲಿಟ್ಟುಕೊಂಡು, ಪುಸ್ತಕದಲ್ಲಿ ಬರೆಯುವ ನಡುವೆ ಆಗುತ್ತಿದ್ದ ತಪ್ಪುಗಳಿಗೆ ಈಗ ಜಾಗವಿಲ್ಲ.

ಗೋಡೆಯ ಎತ್ತರದಲ್ಲಿ ಸಿಮ್ ಹಾಕಿದ ಪುಟ್ಟ ಮೋಡೆಮ್ ಮಿನುಗುತ್ತಿದೆ. ಬೆಳಗಿನ ಪಾಳಿ ಮುಗಿದ ಮೇಲೆ ಕಾರ್ಯದರ್ಶಿ ಒಂದು ಗುಂಡಿ ಒತ್ತಿದರೆ ಅಷ್ಟೂ ಸಾಲುಗಳು ಒಕ್ಕೂಟಕ್ಕೆ ಹೊರಡುತ್ತವೆ. ಇಡಿಯಾಗಿ ಅಲ್ಲ, ಸಣ್ಣ ಸಣ್ಣ ಪೊಟ್ಟಣಗಳಾಗಿ. ಪ್ರತಿ ಪೊಟ್ಟಣದ ಮೇಲೂ ಎಲ್ಲಿಂದ, ಎಲ್ಲಿಗೆ, ಎಷ್ಟನೆಯದು ಎಂಬ ವಿಳಾಸ. ದಾರಿಯಲ್ಲಿ ಒಂದು ಕಳೆದರೆ ಆ ಕಡೆಯವರಿಂದ ‘ಬಂತು’ ಎಂಬ ಉತ್ತರ ಬರುವುದಿಲ್ಲ. ಬರದಿದ್ದರೆ ಈ ಕಡೆಯಿಂದ ಅದನ್ನು ಇನ್ನೊಮ್ಮೆ ಕಳಿಸಲಾಗುತ್ತದೆ. ಮಳೆಗಾಲದಲ್ಲಿ ಸಿಗ್ನಲ್ ಇಡೀ ದಿನ ಬಾರದೆ ಇರುವುದೂ ಉಂಟು. ಆಗಲೂ ಹಾಲು ಹಿಡಿಯುವುದು ನಿಲ್ಲುವುದಿಲ್ಲ. ಸಾಲುಗಳು ಪೆಟ್ಟಿಗೆಯೊಳಗೆ ಕಾದಿದ್ದು, ಸಿಗ್ನಲ್ ಬಂದಾಗ ಹೋಗುತ್ತವೆ. ಕೆಚ್ಚಲು ನೆಟ್‌ವರ್ಕಿಗೆ ಕಾಯುವುದಿಲ್ಲವಲ್ಲ. ಹಳ್ಳಿಗೆ ವ್ಯವಸ್ಥೆ ಕಟ್ಟುವವರು ಮೊದಲು ತಿಳಿಯಬೇಕಾದ್ದು ಇದನ್ನೇ ಎಂದು ನನ್ನ ಅಭಿಪ್ರಾಯ. ಸಂಪರ್ಕ ಇಲ್ಲದಾಗಲೂ ನಡೆಯುವಂತಿದ್ದರೆ ಮಾತ್ರ ಅದು ಇಲ್ಲಿ ಬಾಳುತ್ತದೆ.

ಹಿಂದಿನ ಕೋಣೆಯಲ್ಲಿ ಹಾಲು ತಣ್ಣಗಾಗಿಸುವ ದೊಡ್ಡ ತೊಟ್ಟಿ, ಎಲ್ಲರೂ ಬಿಎಂಸಿ ಎನ್ನುವುದು ಇದನ್ನೇ. ಸುತ್ತಲಿನ ಸಣ್ಣ ಸಂಘಗಳ ಹಾಲೂ ಇಲ್ಲಿಗೇ ಬಂದು 4 ಡಿಗ್ರಿ ಸೆಲ್ಸಿಯಸ್ಸಿಗೆ ಇಳಿದು ಟ್ಯಾಂಕರ್ ಹತ್ತುತ್ತದೆ. ತಾಳೆ ನೋಡುವುದು ಇಲ್ಲಿ. ಕಟ್ಟೆಯ ಮುಂದೆ ಹಿಡಿದ ಲೀಟರುಗಳ ಮೊತ್ತ, ಊರೊಳಗೆ ಮಾರಿದ್ದು ಕಳೆದು ಬೇರೆ ಸಂಘಗಳದ್ದು ಕೂಡಿಸಿದಾಗ ಆದದ್ದು, ತೊಟ್ಟಿಯಲ್ಲಿ ಅಳೆದದ್ದು, ಟ್ಯಾಂಕರಿಗೆ ತುಂಬಿದ್ದು. ಬಿಡಿ ಸಾಲುಗಳು ದತ್ತಾಂಶ. ಈ ನಾಲ್ಕನ್ನು ಒಂದರ ಪಕ್ಕ ಒಂದು ಇಟ್ಟಾಗ ಕಾಣುವ ವ್ಯತ್ಯಾಸ ಮಾಹಿತಿ. ಹಾಲು ಚೆಲ್ಲಿತೋ, ತಕ್ಕಡಿ ಕೆಟ್ಟಿತೋ, ನೀರು ಸೇರಿತೋ ಎಂದು ಹುಡುಕಲು ಅದೇ ದಾರಿ ತೋರಿಸುತ್ತದೆ.

ಟ್ಯಾಂಕರ್ ಹೋಗುವುದು ಬೆಂಗಳೂರು–ಮೈಸೂರು ಹೆದ್ದಾರಿಯ ಗೆಜ್ಜಲಗೆರೆಗೆ, ಮಂಡ್ಯ ಹಾಲು ಒಕ್ಕೂಟದ ಡೈರಿಗೆ. ಹಳ್ಳಿಯಲ್ಲಿ ಸಂಘ, ಜಿಲ್ಲೆಗೆ ಒಕ್ಕೂಟ, ರಾಜ್ಯಕ್ಕೆ ಮಹಾಮಂಡಳ ಎಂಬ ಮೂರು ಮೆಟ್ಟಿಲು ಗುಜರಾತಿನ ಆಣಂದದ ಮಾದರಿ. 1974ರಲ್ಲಿ ವಿಶ್ವಬ್ಯಾಂಕಿನ ನೆರವಿನೊಂದಿಗೆ ಶುರುವಾದ ಕರ್ನಾಟಕದ ಹೈನು ನಿಗಮವೇ 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳವಾಯಿತು. ರಾಜ್ಯದಲ್ಲಿ ಇಂಥ ಸಂಘಗಳು 14,000ಕ್ಕೂ ಹೆಚ್ಚಿವೆ. 2024ರ ಜೂನ್‌ನಲ್ಲಿ ದಿನದ ಶೇಖರಣೆ 1 ಕೋಟಿ ಲೀಟರ್ ದಾಟಿತು. ಬೆಳಗಾದರೆ ಪ್ಯಾಕೆಟ್ಟಿಗೆ ಎಷ್ಟು, ಮೊಸರಿಗೆ ಎಷ್ಟು, ಮಿಕ್ಕಿದ್ದನ್ನು ಪುಡಿ ಮಾಡುವುದೋ ಬೇಡವೋ ಎಂದು ತೀರ್ಮಾನಿಸಬೇಕು. ಹಾಲು ಮೂರು ದಿನ ಯೋಚಿಸಲು ಬಿಡುವುದಿಲ್ಲ. ಅಷ್ಟು ಹಳ್ಳಿಗಳ ಅಂಕಿ ಬೇಗ ಬಂದು ಮುಟ್ಟುವುದರಿಂದಲೇ ಅದು ಸಾಧ್ಯ.

ಹಣದ ದಾರಿ ತಿರುಗಿ ಇದೇ ಕಟ್ಟೆಗೆ ಬರುತ್ತದೆ. ಈ ಸಂಘದಲ್ಲಿ ಹದಿನೈದು ದಿನಕ್ಕೊಮ್ಮೆ ಬಟವಾಡೆ, ನೇರ ಬ್ಯಾಂಕ್ ಖಾತೆಗೆ. ರಾಜ್ಯ ಸರ್ಕಾರದ ಪ್ರೋತ್ಸಾಹಧನ 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಆರಂಭವಾಗಿ 5 ರೂಪಾಯಿಗೆ ಏರಿದೆ. ಅದರ ಲೆಕ್ಕಕ್ಕೂ ಆಧಾರ ಇಲ್ಲಿನ ಸಾಲುಗಳೇ. ಎಂಬತ್ತೇಳನೇ ನಂಬರಿನ ಖಾತೆ ಆ ತಾಯಿಯ ಹೆಸರಿನಲ್ಲೇ ಇದೆ. ಎಸ್‌ಎಂಎಸ್ ಮಾತ್ರ ಹೋಗುವುದು ಮಂಡ್ಯದಲ್ಲಿ ಕೆಲಸ ಮಾಡುವ ಮಗನ ಫೋನಿಗೆ. ‘ಅವ್ನು ಹೇಳುದ್ರೆ ಗೊತ್ತಾಯ್ತದೆ, ಹೇಳ್ದಿದ್ರೆ ಚೀಟಿ ಕೂಡ್ಕತೀನಿ’ ಎಂದರು. ಆಕೆಯ ಮನೆಯಲ್ಲಿ ಹದಿನೈದು ದಿನದ ಮೂವತ್ತು ಚೀಟಿಗಳು ದಬ್ಬಳಕ್ಕೆ ಪೋಣಿಸಿ ಅಡುಗೆಮನೆಯ ಮೊಳೆಗೆ ತೂಗಾಡುತ್ತಿರುತ್ತವಂತೆ.

ಎಂಟರ ಹೊತ್ತಿಗೆ ಸಾಲು ಕರಗಿತು. ಹುಡುಗ ಬಿಸಿನೀರು, ತೊಳೆಯುವ ದ್ರಾವಣ ಎಳೆಸಿ ಯಂತ್ರದ ಹೊಟ್ಟೆ ಶುಚಿಮಾಡುತ್ತಿದ್ದ. ಅಷ್ಟರಲ್ಲಿ ಒಕ್ಕೂಟದ ವಿಸ್ತರಣಾಧಿಕಾರಿ ಬೈಕಿನಲ್ಲಿ ಬಂದಿಳಿದರು. ಬಂದವರೇ ಬೆಳಗಿನ ಪಾಳಿಯ ಪಟ್ಟಿ ತೆಗೆಸಿ, ಬೆರಳಿಟ್ಟು ಕೆಳಗಿಳಿದು, ನಕ್ಷತ್ರದ ಬಳಿ ನಿಂತರು.

‘ಇದೇನ್ರೀ, ಎಂಬತ್ತೇಳು ತಿದ್ದಿದ್ದೀರಾ?’

ಕಾರ್ಯದರ್ಶಿ ಬಾಯಿ ತೆರೆಯುವಷ್ಟರಲ್ಲಿ, ಬೂಸದ ಮೂಟೆಗೆ ಚೀಟಿ ಬರೆಸಲು ಬಾಗಿಲಲ್ಲಿ ನಿಂತಿದ್ದ ಆ ತಾಯಿ ಒಳಗೆ ಬಂದರು. ಸೆರಗಿನ ಗಂಟು ಬಿಚ್ಚಿ, ಆ ಬೆಳಗಿನ ಎರಡೂ ಚೀಟಿಗಳನ್ನು ಮೇಜಿನ ಮೇಲೆ ಒಂದರ ಪಕ್ಕ ಒಂದು ಇಟ್ಟು, ‘ನಾನೇಳ್ತೀನಿ ಕೇಳಿ ಸಾರ್’ ಎಂದು ಶುರುಮಾಡಿದರು.