ಉಪ್ಪಾಗೆ: ಮಳೆಗಾಲದ ಸಂಪಾದನೆ

ಘಟ್ಟದ ಸೀಮೆಯ ಸಣ್ಣ ಬೇಸಾಯಗಾರರಿಗೂ ಕೂಲಿಕಾರರಿಗೂ ಮಳೆಗಾಲವು ಕೈಯಲ್ಲಿ ಹಣವಿಲ್ಲದ ಕಾಲವಾಗಿರುತ್ತದೆ. ಅಡಿಕೆಯ ಕೊಯ್ಲು ಇನ್ನೂ ದೂರ. ಭತ್ತವು ಸಸಿಯಾಗಿಯೇ ಇರುತ್ತದೆ. ಇಂತಹ ಸಮಯದಲ್ಲಿಯೇ ಉತ್ತರ ಕನ್ನಡ ಜಿಲ್ಲೆಯ ಸಿರ್ಸಿ, ಸಿದ್ದಾಪುರ ಮೊದಲಾದ ತಾಲ್ಲೂಕುಗಳ ಕಾಡುಗಳಲ್ಲಿಯೂ ಸೊಪ್ಪಿನ ಬೆಟ್ಟಗಳಲ್ಲಿಯೂ ಉಪ್ಪಾಗೆಯು ಹಣ್ಣಾಗುತ್ತದೆ. ನೆಟ್ಟವರಿಲ್ಲ, ಗೊಬ್ಬರವಿಕ್ಕಿದವರಿಲ್ಲ, ಆದರೂ ಅನೇಕ ಕುಟುಂಬಗಳ ಖರ್ಚಿಗೆ ಈ ಮರವೇ ಆಧಾರ.

ಪುಟ್ಟ ಕುಂಬಳದಂತೆ ಗೆರೆಗಳುಳ್ಳ ಈ ಹಣ್ಣಿನಿಂದ ಎರಡು ಪದಾರ್ಥಗಳು ದೊರೆಯುತ್ತವೆ. ಒಣಗಿಸಿದ ಸಿಪ್ಪೆಯು ಅಡಿಗೆಯಲ್ಲಿ ಹುಳಿಗೆ ಒದಗುತ್ತದೆ. ಬೀಜದಿಂದ ತುಪ್ಪವನ್ನು ತೆಗೆಯುತ್ತಾರೆ. ಕೊಡಗಿನಲ್ಲಿ ಹಣ್ಣಿನ ರಸವನ್ನು ಬತ್ತಿಸಿ ಕಾಚಂಪುಳಿಯನ್ನು ಮಾಡುವ ರೂಢಿಯುಂಟು.

ಸಿಪ್ಪೆಯಲ್ಲಿರುವ ಆಮ್ಲವು ಬೊಜ್ಜನ್ನು ಕರಗಿಸುವುದೆಂದು 1990ರ ದಶಕದಲ್ಲಿ ಹೊರದೇಶಗಳಲ್ಲಿ ಪ್ರಚಾರವಾಗಲು, ಇದಕ್ಕೆ ಬೇಡಿಕೆ ಹೆಚ್ಚಿತು. 1998ರಲ್ಲಿ ಅಮೆರಿಕದ ವೈದ್ಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಈ ಗುಣವು ಕಂಡುಬರಲಿಲ್ಲ. ಆದಕಾರಣ ಇಂತಹ ಬೇಡಿಕೆಯನ್ನು ಶಾಶ್ವತವೆಂದು ನಂಬತಕ್ಕದ್ದಲ್ಲ. ಆದರೆ ಬೆಲೆಯ ಆಸೆಯಿಂದ ಮರಕ್ಕಾಗುವ ಹಾನಿ ಬಹುಕಾಲ ಉಳಿಯುತ್ತದೆ.

ಬಲಿಯದ ಕಾಯಿಗಳನ್ನು ಬಡಿದು ಉದುರಿಸುವುದು, ಕೊಂಬೆಗಳನ್ನೇ ಕಡಿದು ಕೆಡವುವುದು ರೂಢಿಗೆ ಬಂದಿವೆ. "ನಾವು ಬಿಟ್ಟರೆ ಮತ್ತೊಬ್ಬರು ಕೊಯ್ಯುತ್ತಾರೆ" ಎಂಬುದೇ ಇದಕ್ಕೆ ಕೇಳಿಬರುವ ಉತ್ತರ. ಉಪ್ಪಾಗೆಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಹೆಣ್ಣು ಮಾತ್ರ ಫಲ ಕೊಡುತ್ತದೆ. ಬೀಜದ ಸಸಿಯು ಫಲಕ್ಕೆ ಬರಲು ಸುಮಾರು 10 ವರ್ಷಗಳಾದರೂ ಬೇಕು. ಹೀಗಿರಲು ಫಲ ಬಿಡುವ ಕೊಂಬೆಯನ್ನು ಕಡಿಯುವವನು ಮುಂದಿನ ವರ್ಷಗಳ ಸಂಪಾದನೆಯನ್ನೇ ಕಡಿದಂತಾಯಿತು. ಎಳೆಗಾಯಿಯ ಬೀಜದಿಂದ ತುಪ್ಪವೂ ಇಲ್ಲ, ಸಸಿಯೂ ಇಲ್ಲ.

ರೈತ ಬಾಂಧವರು ಗಮನಿಸತಕ್ಕ ಅಂಶಗಳಿವು. ಊರಿನವರೆಲ್ಲರೂ ಸೇರಿ ಕೊಯ್ಲಿನ ದಿನವನ್ನು ಗೊತ್ತುಮಾಡಿ, ಅದಕ್ಕೆ ಮುಂಚೆ ಯಾರೂ ಕೊಯ್ಯದಂತೆ ಕಟ್ಟು ಮಾಡಿಕೊಳ್ಳಬೇಕು. ಹಳದಿಯಾಗಿ ತಾನಾಗಿ ಉದುರಿದ ಹಣ್ಣನ್ನೇ ಆಯಬೇಕು. ಕೆಲವನ್ನು ಮರದಡಿಯಲ್ಲಿಯೇ ಬಿಡಬೇಕು. ಮಳೆಯಲ್ಲಿ ಸಿಪ್ಪೆಯನ್ನು ಬೆಂಕಿಯ ಕಾವಿನಿಂದಲೇ ಒಣಗಿಸಬೇಕಾಗುವುದರಿಂದ ಸೌದೆ ಬಹಳ ಖರ್ಚಾಗುತ್ತದೆ; ಅನೇಕ ಮನೆಯವರು ಕೂಡಿ ಸೌದೆ ಕಡಿಮೆ ಹಿಡಿಯುವ ಒಂದೇ ಒಲೆಯನ್ನು ಕಟ್ಟಿಸಿಕೊಂಡರೆ ಲಾಭವುಂಟು. ತೋಟದ ಅಂಚಿನಲ್ಲಿ ನೆಡುವವರು ಹೆಣ್ಣು ಮರದಿಂದ ಕಟ್ಟಿದ ಕಸಿ ಗಿಡಗಳನ್ನು ಆರಿಸುವುದು ಲೇಸು.

2006ರ ಅರಣ್ಯ ಹಕ್ಕು ಕಾಯಿದೆಯು ಅರ್ಹ ಅರಣ್ಯವಾಸಿಗಳಿಗೆ ಕಿರು ಅರಣ್ಯ ಉತ್ಪನ್ನಗಳನ್ನು ಸಂಗ್ರಹಿಸಿ ಮಾರುವ ಹಕ್ಕನ್ನು ಕೊಟ್ಟಿದೆ. ಆದರೆ ಮರವೇ ಇಲ್ಲದ ಮೇಲೆ ಹಕ್ಕಿನಿಂದ ಫಲವೇನು? ಕಾಯುವ ತಾಳ್ಮೆಯುಳ್ಳ ಊರಿಗೆ ಮಾತ್ರ ಉಪ್ಪಾಗೆಯು ಮಳೆಗಾಲದ ಆಸರೆಯಾಗಿ ಉಳಿದೀತು.